ಬೈಟು

ಅವರ ಬಲ ಅಂಗೈಯಲ್ಲಿ ದುಂಡನೆಯ ಒಂದು ಜಡ್ಡಿತ್ತು, ಕಾಯಿಹೋಳು ಕೂರುವಷ್ಟೇ ಅಗಲ. ವರ್ಷಗಟ್ಟಲೆ ತುರಿಮಣೆಯ ಮೇಲೆ ಕೂತು ಒತ್ತಿ ಒತ್ತಿ ಆದದ್ದು. ಕೈ ಹಿಡಿದರೆ ಮರ ಮುಟ್ಟಿದ ಹಾಗಾಗುತ್ತಿತ್ತು. ಶ್ರೀರಂಗಪಟ್ಟಣದ ಆ ಹೋಟೆಲಿನಲ್ಲಿ ನಾವೆಲ್ಲ ಅವರನ್ನು ಕಾಯಕ್ಕ ಎನ್ನುತ್ತಿದ್ದೆವು. ಮಾಲೀಕರು ಮಾತ್ರ ಬೈಟು ಎನ್ನುತ್ತಿದ್ದರು.

ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿದರೆ ಬೈಟು. ಅರ್ಧ ದಿನ ದುಡಿಯುವವರಿಗೂ ಮಾಲೀಕರು ಅದೇ ಹೆಸರಿಟ್ಟಿದ್ದರು. ಕಾಲೇಜು ಓದುತ್ತ ಬೆಳಗಿನ ಹೊತ್ತು ಬಿಲ್ ಕೌಂಟರಿನಲ್ಲಿ ಕೂರುತ್ತಿದ್ದ ನಾನೂ ಬೈಟುವೇ. ನಮಗೆ ಮಧ್ಯಾಹ್ನದ ಊಟವಿಲ್ಲ, ಯುಗಾದಿಗೆ ಸೀರೆಯಿಲ್ಲ. "ಅರ್ಧ ದಿನ ಬರೋರ್ಗೆ ನಿಯತ್ತೂ ಅರ್ಧವೇಯ" ಎಂಬುದು ಮಾಲೀಕರ ಸಿದ್ಧಾಂತ.

ಕಾಯಕ್ಕನ ಗಂಡ ಪಾಂಡವಪುರದ ಆಚೆಯ ಹಳ್ಳಿಯಲ್ಲಿ ಲಕ್ವ ಹೊಡೆದು ಮಲಗಿದ್ದರು. ಮಧ್ಯಾಹ್ನ ಹೋಗಿ ಉಣ್ಣಿಸಿ ಮಗ್ಗುಲು ಬದಲಿಸಲು ಬೇರೆ ಯಾರೂ ಇರಲಿಲ್ಲ. ಹಾಗಾಗಿ ಬೆಳಗ್ಗೆ ಆರಕ್ಕೆ ಬಂದು, ಉಳಿದವರು ಸಂಜೆಯ ತನಕ ಎಳೆಯುವ ಕೆಲಸವನ್ನು ಆರು ಗಂಟೆಯಲ್ಲಿ ಮುಗಿಸುತ್ತಿದ್ದರು. ಹೋಟೆಲಿನ ಮುಂದೆ ಹನ್ನೆರಡರ ಬಸ್ಸು ಹಾರನ್ ಹೊಡೆದರೆ ಸಾಕು, ಏಳುವರು. "ಬೈಟು ಒಂಟಿತು, ದಾರಿ ಬುಡ್ರಪ್ಪ!" ಎಂದು ಮಾಲೀಕರು ಗಲ್ಲಾದಿಂದ ಕೂಗುವರು.

"ಕೋಪ ಬರಲ್ವಾ ಅಕ್ಕ?" ಎಂದು ಒಮ್ಮೆ ಕೇಳಿದ್ದೆ.

"ಬುಡವ್ವ. ಇಡೀ ಕಾಯ್ನ ಯಾರಾರಾ ತುರುದವ್ರಾ? ಅರ್ಧ ಆದ್ಮ್ಯಾಕೇ ಚಟ್ನಿ."

ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆದ್ದವಳು ನಾನು. ಎದುರಾಳಿಯ ಮುಂದೆ ಎರಡೇ ದಾರಿ ಇಟ್ಟು ಎರಡರಲ್ಲೂ ಅವನನ್ನು ಬೀಳಿಸುವುದು ನನ್ನ ಪಟ್ಟು. ಯುಗಾದಿಯ ಮುನ್ನಾದಿನ ಸೀರೆ ಹಂಚುವಾಗ, ಗಿರಾಕಿಗಳ ಎದುರೇ ಮಾಲೀಕರ ಮೇಲೆ ಆ ಪಟ್ಟು ಹಾಕಿದೆ.

"ಅರ್ಧ ದಿನದಲ್ಲಿ ಇಡೀ ದಿನದ ಕೆಲಸ ಮಾಡೋರು ಹೆಂಗೆ ಸಾರ್ ಬೈಟು? ಒಂದೋ ಅವರನ್ನ ಪೂರಾ ಆಳು ಅನ್ನಿ, ಇಲ್ಲಾ ಮಿಕ್ಕೋರನ್ನ ಸೋಮಾರಿಗಳು ಅನ್ನಿ."

ಗಿರಾಕಿಗಳು ನಕ್ಕರು. ಮಾಲೀಕರೂ ನಕ್ಕರು. "ಗೆದ್ಬುಟ್ಟೆ ಕಣವ್ವ ಲಾಯರಮ್ಮ! ಅಬ್ಬ ಕಳೀಲಿ, ಈ ಓಟ್ಲಲ್ಲಿ ಬೈಟು ಅನ್ನೋದೇ ಇರಾಕಿಲ್ಲ. ಎಲ್ರೂ ಪೂರಾ. ಆಗ್ದೋರು ಮನೇಲಿರ್ಲಿ."

ನಾನು ಇಟ್ಟದ್ದು ಎರಡು ದಾರಿ. ಅವರು ಮೂರನೆಯದನ್ನು ಹಿಡಿದರು. ಅದನ್ನು ಕಡಿಯುವ ಮಾತು ಆಗ ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಹೋಟೆಲು ಅವರದು.

ಕಾಯಕ್ಕ ಬೈಯಲಿಲ್ಲ. "ಯಾಕವ್ವ ಬಾಯಾಕ್ದೆ? ಬೈಟು ಅನ್ನುಸ್ಕಂಡು ಬಸ್ಸು ಅತ್ತುತಿದ್ದೆ. ಈಗ ಅದೂ ಓಯ್ತು" ಎಂದಷ್ಟೇ ಹೇಳಿ ಬಸ್ಸು ಹತ್ತಿದರು.

ನಾನೂ ಕೆಲಸ ಬಿಟ್ಟೆ. ಭಾನುವಾರಗಳಂದು ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅರ್ಧ ದಿನದ ಕೆಲಸ ಹುಡುಕಿದೆ. ಪಾಂಡವಪುರದ ಹೋಟೆಲಿನವರು ತಲೆ ಎತ್ತದೆ ಇಲ್ಲ ಎಂದರು. ಕೆ.ಆರ್. ಪೇಟೆಯ ಮೆಸ್ಸಿನವನು, "ಒಬ್ರುನ್ನ ಅರ್ಧ ದಿನಕ್ಕೆ ಇಟ್ಕಂಡ್ರೆ ನಾಳೆ ಎಲ್ರೂ ಅರ್ಧನೇ ಕೇಳ್ತಾರೆ" ಎಂದ. ಎಲ್ಲರಿಗೂ ನನ್ನ ಬಳಿ ಉತ್ತರವಿತ್ತು, ಹೇಳಿಯೂ ಹೇಳಿದೆ. ಉತ್ತರ ಯಾರಿಗೆ ಬೇಕಿತ್ತು? ನಾಗಮಂಗಲದ ಛತ್ರದ ಯಜಮಾನರು ಮಾತ್ರ ಕೂರಿಸಿ, ಮಜ್ಜಿಗೆ ಕೊಟ್ಟು, ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಅಷ್ಟೇ ಮೃದುವಾಗಿ, "ನಿನ್ ಯಜಮಾನ್ರುದು ಮುಗುದ್ಮ್ಯಾಕೆ ಬಾರವ್ವ, ಪೂರಾ ಕೆಲ್ಸ ಕೊಡ್ತೀನಿ" ಎಂದರು.

ವಾಪಸು ಬರುವಾಗ ಕಾಯಕ್ಕನ ಕೈ ನನ್ನ ಭುಜದ ಮೇಲಿತ್ತು. ಆ ಜಡ್ಡು ಬಟ್ಟೆಯ ಮೇಲಿಂದಲೂ ಒತ್ತುತ್ತಿತ್ತು. "ಆ ವಯ್ಯ ಒಳ್ಳೇವ್ನು, ದಿಟ ಯೋಳ್ದ" ಎಂದರು.

ಕಾಯಕ್ಕನ ಗಂಡ ತೀರಿಕೊಂಡದ್ದು ನನಗೆ ತಡವಾಗಿ ತಿಳಿಯಿತು. ಮನೆಗೆ ಹೋದರೆ ಬೀಗ. ಪಕ್ಕದ ಮನೆಯವರು, "ಓಟ್ಲಿಗೇ ಓಯ್ತಾವ್ಳೆ, ಮೊದ್ಲಿನ ಜಾಗುಕ್ಕೇ" ಎಂದರು. ಹೋದೆ. ಹೋಟೆಲಿನ ಯುಗಾದಿ ಸೀರೆ ಉಟ್ಟು ಅದೇ ತುರಿಮಣೆಯ ಮೇಲೆ ಕೂತಿದ್ದರು.

"ಈಗ ಪೂರಾ ಆದೆ ಕಣವ್ವ" ಎಂದು ಸೆರಗು ಎತ್ತಿ ತೋರಿಸಿದರು.

ಅಷ್ಟರಲ್ಲಿ ಹೊರಗೆ ಹನ್ನೆರಡರ ಬಸ್ಸು ಹಾರನ್ ಹೊಡೆಯಿತು. ಕಾಯಕ್ಕ ಹೋಳು ಕೆಳಗಿಟ್ಟು ಎದ್ದರು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲ ತನಕ ಬಂದು ನಿಂತರು. ಬಸ್ಸು ಹೊರಟಿತು. ವಾಪಸು ಹೋಗಿ ಅದೇ ಹೋಳನ್ನು ಎತ್ತಿಕೊಂಡು ಕೂತರು.