ಕಿಂಡಿಯಕ್ಕ ಮತ್ತು ವಾಪಸ್ ಬರುವ ತಟ್ಟೆಗಳು

ಬೆಳಗಿನ ಐದೂವರೆ. ಹೋಟೆಲಿನ ಹಿಂಬಾಗಿಲಿನಿಂದ ಒಳಬಂದ ಹೆಂಗಸು ಚಪ್ಪಲಿ ಕಳಚಿ ರಬ್ಬರ್ ಬೂಟು ಹಾಕಿಕೊಳ್ಳುತ್ತಾರೆ, ಮೊಣಕೈವರೆಗೆ ಕೈಗವಸು ಏರಿಸುತ್ತಾರೆ, ಮೂರು ಬಕೆಟ್‌ಗಳನ್ನು ಸಾಲಾಗಿ ಇಡುತ್ತಾರೆ. ಒಂದು ಮೂಳೆ, ಸಿಪ್ಪೆಗೆ. ಒಂದು ಕಾಗದಕ್ಕೆ. ಇನ್ನೊಂದು ಜನ ತಿನ್ನದೆ ಬಿಟ್ಟದ್ದಕ್ಕೆ. ಈ ಮೂರನೆಯದನ್ನು ಮಾತ್ರ ಕಾಲಿನಿಂದ ತಮ್ಮ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಎದುರಿನ ಗೋಡೆಯಲ್ಲಿ ಎರಡಡಿ ಅಗಲದ ಕಿಂಡಿ. ಆಚೆ ಊಟದ ಹಾಲ್, ಈಚೆ ಇವರು. ತಿಂದಾದ ತಟ್ಟೆಗಳೆಲ್ಲ ಈ ಕಿಂಡಿಯಿಂದಲೇ ಒಳಗೆ ಬರಬೇಕು. ಹನ್ನೊಂದು ವರ್ಷದಿಂದ ಅವರ ಜಾಗ ಇದೇ. ಹೋಟೆಲಿನವರೆಲ್ಲ ಕರೆಯುವುದು ಕಿಂಡಿಯಕ್ಕ ಎಂದು.

ಮೊದಲೇ ಹೇಳಿಬಿಡುತ್ತೇನೆ, ಈ ಲೇಖನ ಬರೆಯಲು ನನಗೆ ಸುತರಾಂ ಇಷ್ಟವಿರಲಿಲ್ಲ. ಭಾನುವಾರ ಒಳ್ಳೆಯ ಬ್ರಂಚ್ ಬಫೆ ಎಲ್ಲಿ ಸಿಗುತ್ತದೆ ಎಂದು ಒಂಬತ್ತು ವರ್ಷದಿಂದ ಇದೇ ಪುಟದಲ್ಲಿ ಓದುಗರಿಗೆ ಹೇಳುತ್ತ ಬಂದವನು ನಾನು. ಕಳೆದ ತಿಂಗಳು ನಮ್ಮ ಸಂಪಾದಕರು ಯಾವುದೋ ಮದುವೆಯಲ್ಲಿ ಈ ಹೋಟೆಲಿನ ಶೆಫ್ ಸಿಕ್ಕಾಗ, ಇಷ್ಟು ದೊಡ್ಡ ನಗರದಲ್ಲಿ ಬಫೆಯ ಹದ ಬಲ್ಲವರು ಯಾರು ಎಂದು ಕೇಳಿದ್ದಾರೆ. ನನ್ನ ಹೆಸರು ಬರಲಿ ಎಂದೇ ಕೇಳಿದ್ದು. ಶೆಫ್ ಯೋಚನೆಯನ್ನೂ ಮಾಡದೆ, ನಮ್ಮಲ್ಲಿ ತಟ್ಟೆ ತೆಗೆದುಕೊಳ್ಳುವ ಹೆಂಗಸು ಅಂದರಂತೆ. ಸೋಮವಾರ ನನಗೆ ಅಪ್ಪಣೆಯಾಯಿತು: ಈ ವಾರ ನಿನ್ನ ಅಂಕಣ ಬೇಡ, ಆಕೆಯ ಬಗ್ಗೆ ಬರಿ. ಆಕೆ ಎಲೆಮರೆಯ ಕಾಯಿ ಅಂತೆ! ಹೊಟ್ಟೆ ಉರಿಯದೆ ಇರುತ್ತದೆಯೇ?

ಒಂಬತ್ತಕ್ಕೆ ಹಾಲ್ ಬಾಗಿಲು ತೆರೆಯುತ್ತದೆ. ಒಂಬತ್ತೂಕಾಲಿಗೆ ಮೊದಲ ತಟ್ಟೆ. ಭಾನುವಾರ ಮುನ್ನೂರೈವತ್ತು ಜನ ಬರುತ್ತಾರೆ, ಒಬ್ಬೊಬ್ಬರು ನಾಲ್ಕೈದು ತಟ್ಟೆ ಬದಲಾಯಿಸುತ್ತಾರೆ. ಮಧ್ಯಾಹ್ನ ಮೂರರೊಳಗೆ ಸಾವಿರದೈನೂರು ತಟ್ಟೆ ಈ ಎರಡು ಕೈ ದಾಟುತ್ತವೆ. ಕಿಂಡಿಯಕ್ಕ ಪ್ರತಿ ತಟ್ಟೆಯನ್ನೂ ಅರೆಗಳಿಗೆ ಓರೆಯಾಗಿ ಹಿಡಿದು ನೋಡಿ, ಆಮೇಲೆ ಕೆರೆಯುತ್ತಾರೆ. ಏನು ಉಳಿದಿದೆ, ಎಷ್ಟು ಉಳಿದಿದೆ, ಒಂದು ತುತ್ತು ತಿಂದು ಬಿಟ್ಟದ್ದೋ ಹೊಟ್ಟೆ ತುಂಬಿ ಬಿಟ್ಟದ್ದೋ ಎಲ್ಲ ಆ ಅರೆಗಳಿಗೆಯಲ್ಲೇ ಅವರಿಗೆ ತಿಳಿಯುತ್ತದೆ. ಹನ್ನೆರಡಕ್ಕೆ ಸರಿಯಾಗಿ ಶೆಫ್ ಕಿಂಡಿಯ ಹತ್ತಿರ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ, "ಏನ್ ವಾಪಸ್ ಬಂತು?" ಕಿಂಡಿಯಕ್ಕ ಹೇಳಿದ ತಿನಿಸು ಮುಂದಿನ ಭಾನುವಾರ ಟೇಬಲ್ ಮೇಲೆ ಇರುವುದಿಲ್ಲ. ನಾನು ಈ ಹೋಟೆಲಿಗೆ ಮೂರು ಸಲ ಬಂದಿದ್ದೇನೆ. ನನಗೆ ಶೆಫ್ ಕಾಫಿ ಕೊಟ್ಟರು, ಬೆನ್ನು ತಟ್ಟಿದರು, ಏನನ್ನೂ ಕೇಳಲಿಲ್ಲ.

ಕಳೆದ ವರ್ಷ ನಾನು ಇಲ್ಲಿನ ಹೊಗೆಯಲ್ಲಿ ಬೇಯಿಸಿದ ಮೀನನ್ನು ಬಾಯಿತುಂಬ ಹೊಗಳಿದ್ದೆ. ಸ್ವಲ್ಪ ಜಂಬದಿಂದಲೇ ಅದನ್ನು ನೆನಪಿಸಿದೆ.

"ಅಯ್ಯೋ, ಅದನ್ ಬರೆದೋರು ನೀವಾ?" ಎಂದು ಕಿಂಡಿಯಕ್ಕ ಮೊದಲ ಸಲ ನನ್ನ ಮುಖ ನೋಡುತ್ತಾರೆ. "ನಾಲ್ಕು ವಾರ ನನ್ ಸೊಂಟ ಬಿದ್ದೋಯ್ತು ಸಾರ್. ಪೇಪರ್ ನೋಡ್ಕೊಂಡು ಬರೋರು, ತಟ್ಟೆ ತುಂಬಾ ಹಾಕ್ಕೊಳ್ಳೋರು, ಒಂದ್ ಚೂರು ತಿಂದು ಬಿಡೋರು. ಬಕೆಟ್ ಎತ್ತಕ್ಕೇ ಆಗ್ತಿರ್ಲಿಲ್ಲ. ಪೇಪರಲ್ಲಿ ಬಂದಿದೆ ಅಂತ ಶೆಫ್ ಅದನ್ನ ತೆಗೀಲೂ ಇಲ್ಲ."

ಹಾಗಾದರೆ ಒಳ್ಳೆಯ ಬಫೆಯನ್ನು ಗುರುತಿಸುವುದು ಹೇಗೆ ಎಂದು ಕೇಳಿದೆ. ಅವರ ಪ್ರಕಾರ ಅದು ಬಹಳ ಸುಲಭ. ಒಳಗೆ ಹೋದ ಕೂಡಲೇ ತಿಂಡಿ ಇಟ್ಟ ಟೇಬಲ್ ನೋಡಬಾರದು, ತಿಂದು ಎದ್ದವರ ಟೇಬಲ್ ನೋಡಬೇಕು. ಅಲ್ಲಿ ಬಿಟ್ಟದ್ದನ್ನು ನಾವು ಹಾಕಿಕೊಳ್ಳಬಾರದು. ಅರವತ್ತು ಬಗೆ ಇಟ್ಟಿದ್ದಾರೆಂದು ಬಾಯಿ ಬಿಡಬಾರದು, ಅರವತ್ತರಲ್ಲಿ ನಲವತ್ತು ನಿನ್ನೆಯದು. ಯಾವ ಪಾತ್ರೆಯನ್ನು ಅಡುಗೆಯವರು ಮತ್ತೆ ಮತ್ತೆ ಬಂದು ತುಂಬುತ್ತಾರೋ ಅದರ ಮುಂದೆ ನಿಲ್ಲಬೇಕು, ಅಷ್ಟೆ. ಒಂಬತ್ತು ವರ್ಷದಲ್ಲಿ ನಾನೂರು ಅಂಕಣ ಬರೆದ ನನಗೆ ಈ ನಾಲ್ಕು ಮಾತು ಹೊಳೆದಿರಲಿಲ್ಲ. ಬರೆದುಕೊಳ್ಳುವಾಗ ಪೆನ್ನು ಭಾರವಾಗಿತ್ತು.

ಆದರೆ ಹೊಟ್ಟೆಕಿಚ್ಚು ನನ್ನೊಬ್ಬನ ಸ್ವತ್ತಲ್ಲ ಎನ್ನುವುದು ಹತ್ತು ಗಂಟೆಯ ಹೊತ್ತಿಗೆ ಗೊತ್ತಾಗುತ್ತದೆ. ಕಿಂಡಿಯ ಆಚೆ ಹಾಲ್‌ನಲ್ಲಿ ಎತ್ತರದ ಬಿಳಿ ಟೋಪಿ ಹಾಕಿಕೊಂಡು, ಜನರೆದುರೇ ಆಮ್ಲೆಟ್ ಹಾಕಿ ಕೊಡುವ ಹೆಂಗಸು ಬೇರೆ ಯಾರೂ ಅಲ್ಲ, ಕಿಂಡಿಯಕ್ಕನ ಓರಗಿತ್ತಿ. ಗಂಡನ ತಮ್ಮನ ಹೆಂಡತಿ. ಎರಡು ಕೋಣೆಯ ಮನೆ, ಒಂದೇ ಒಲೆ. ಆರು ವರ್ಷದ ಹಿಂದೆ, ಮನೆಯಲ್ಲಿ ಸುಮ್ಮನೆ ಕೂತಿದ್ದಾಳಲ್ಲ ಎಂದು ಆಕೆಯನ್ನು ಕೈಹಿಡಿದು ಇಲ್ಲಿಗೆ ಕರೆತಂದವರು ಕಿಂಡಿಯಕ್ಕನೇ. ಮರುವರ್ಷ ಮೊಟ್ಟೆಯ ಟೇಬಲ್ಲಿಗೆ ಜನ ಬೇಕಾದಾಗ ಇಬ್ಬರೂ ಕೇಳಿದರು. ಜನರೆದುರು ನಿಲ್ಲುವವರಿಗೆ ನಗುಮುಖ ಇರಬೇಕು ಎಂದು ಮ್ಯಾನೇಜರು ಚಿಕ್ಕವಳನ್ನು ಆರಿಸಿದರು. ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಅನ್ನುತ್ತಾರಲ್ಲ, ಇಲ್ಲಿ ನಡುವೆ ಗೋಡೆಯೇ ಇದ್ದರೂ ಸೇರಲಿಲ್ಲ.

"ದಿನಾ ರಾತ್ರಿ ಊಟಕ್ಕೆ ಕೂತಾಗ ಫೋನ್ ತೋರಿಸ್ತಾಳೆ. ಅಕ್ಕಾ, ಇವ್ರು ನನ್ ಜೊತೆ ಫೋಟೊ ತೆಗೆಸ್ಕೊಂಡ್ರು, ಅವ್ರು ತೆಗೆಸ್ಕೊಂಡ್ರು ಅಂತ," ಎನ್ನುತ್ತ ಕಿಂಡಿಯಕ್ಕ ತಟ್ಟೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಕೆರೆಯುತ್ತಾರೆ. "ನನಗ್ ಉರಿಯತ್ತೆ ಸಾರ್. ಉರಿಯಲ್ಲ ಅಂದ್ರೆ ಸುಳ್ಳಾಗತ್ತೆ."

ಇವತ್ತು ಆ ಉರಿಗೆ ತುಪ್ಪ ಬೇರೆ ಬಿದ್ದಿದೆ. ಓರಗಿತ್ತಿ ಸ್ವಂತವಾಗಿ ಮಾಡಿದ ತಿನಿಸೊಂದು ಮೊದಲ ಸಲ ಟೇಬಲ್ ಮೇಲೆ ಕೂತಿದೆ: ಬ್ರೆಡ್ ಅಂಚಿನ ಪುಡಿಂಗ್. ಅಡುಗೆಮನೆಯಲ್ಲಿ ಕತ್ತರಿಸಿ ಎಸೆಯುವ ಬ್ರೆಡ್ಡಿನ ಅಂಚುಗಳನ್ನು ಹಾಲು ಮೊಟ್ಟೆಯಲ್ಲಿ ನೆನೆಸಿ, ಪುಟ್ಟ ಬಟ್ಟಲುಗಳಲ್ಲಿ ಬೇಯಿಸಿ ಬಿಸಿಬಿಸಿಯಾಗಿ ಕೊಡುವುದು. ಜನ ಮೆಚ್ಚಿದರೆ ಮುಂದಿನ ತಿಂಗಳಿನಿಂದ ಸಿಹಿಯ ಟೇಬಲ್ ಪೂರ್ತಿ ಆಕೆಯದು. ಇಲ್ಲವಾದರೆ ಮತ್ತೆ ಆಮ್ಲೆಟ್. ಜನ ಮೆಚ್ಚಿದರೋ ಇಲ್ಲವೋ ಎಂದು ಶೆಫ್ ಯಾರನ್ನು ಕೇಳುತ್ತಾರೆ ಎನ್ನುವುದನ್ನು ನಾನು ಬೇರೆ ಹೇಳಬೇಕಿಲ್ಲ.

ಇನ್ನೂ ಒಂದು ಮಾತಿದೆ. ಕೇಕ್ ಅರ್ಧಕ್ಕರ್ಧ ವಾಪಸ್ ಬರುತ್ತದೆ, ಬೆಚ್ಚಗೆ ಮೆತ್ತಗೆ ಇರುವುದು ಬರುವುದಿಲ್ಲ, ಆ ಬ್ರೆಡ್ ಅಂಚಿನಿಂದ ಏನಾದರೂ ಮಾಡಬಾರದೇ ಎಂದು ನಾಲ್ಕು ತಿಂಗಳ ಹಿಂದೆ ಮನೆಯಲ್ಲಿ ಊಟ ಮಾಡುತ್ತ ಹೇಳಿದವರು ಕಿಂಡಿಯಕ್ಕ. ಓರಗಿತ್ತಿ ಅದನ್ನು ಕೇಳಿಸಿಕೊಂಡರು, ಮಾಡಿದರು, ಶೆಫ್‌ಗೆ ತಿನ್ನಿಸಿದರು. ಅಕ್ಕ ಹೇಳಿದ್ದು ಎಂದು ಎಲ್ಲೂ ಬಾಯಿ ಬಿಡಲಿಲ್ಲ. "ಶೆಫ್ ಹತ್ರ ಬೇಡ, ಮನೇಲಿ ಹೇಳಿದ್ರೂ ಸಾಕಿತ್ತು" ಎನ್ನುತ್ತಾರೆ ಇವರು. ಬೇರೇನೂ ಆಸೆ ಇಲ್ಲವೇ ಎಂದರೆ, ಇಲ್ಲ, ಅದೊಂದೇ.

ಹತ್ತೂವರೆಯಿಂದ ಪುಡಿಂಗ್ ಬಟ್ಟಲುಗಳು ಬರಲು ತೊಡಗುತ್ತವೆ. ಮೊದಲನೆಯದು ಖಾಲಿ. ಎರಡನೆಯದು ಖಾಲಿ. ಕಿಂಡಿಯಕ್ಕನ ತುಟಿ ಬಿಗಿಯಾಗುತ್ತದೆ. ಹನ್ನೊಂದರ ಸುಮಾರಿಗೆ ಅರ್ಧ ಉಳಿದ ಬಟ್ಟಲೊಂದು ಬಂದಾಗ ಅದನ್ನು ಬಕೆಟ್ಟಿಗೆ ಸುರಿಯದೆ ಕಿಂಡಿಯ ಅಂಚಿನಲ್ಲಿ ಇಡುತ್ತಾರೆ. ಸ್ವಲ್ಪ ಹೊತ್ತಿಗೆ ಅಂಥದೇ ಇನ್ನೊಂದು ಅದರ ಪಕ್ಕ ಕೂರುತ್ತದೆ. ಖಾಲಿ ಬಟ್ಟಲುಗಳೆಲ್ಲ ಆಗಲೇ ನೀರಿಗೆ ಇಳಿದಿವೆ. ಶೆಫ್ ಬಂದಾಗ ಕಣ್ಣಿಗೆ ಬೀಳುವುದು ಇವೆರಡೇ. ಇವರು ಬಾಯಿ ತೆರೆಯುವುದೂ ಬೇಡ, ಸುಮ್ಮನೆ ಬೆರಳು ತೋರಿಸಿದರೆ ಮುಗಿಯಿತು.

ಹಾಗೇ ಮಾಡಲಿ ಎಂದು ನಾನು ಮನಸ್ಸಿನಲ್ಲೇ ಹಾರೈಸಿದೆ. ಕಾರಣವೂ ಇದೆ. ಮೂರು ವರ್ಷದ ಹಿಂದೆ ಇನ್ನೊಂದು ಪತ್ರಿಕೆಯ ಹೊಸ ಹುಡುಗಿಯೊಬ್ಬಳು ಓಣಿಯೊಂದರ ಪುಟ್ಟ ಹೋಟೆಲಿನ ಬ್ರಂಚ್ ಬಗ್ಗೆ ಬರೆದಿದ್ದಳು. ನಾನೂ ಹೋಗಿ ಮೂರು ಸಲ ಹಾಕಿಸಿಕೊಂಡು ತಿಂದೆ. ನನಗಿಂತ ಮೊದಲು ಅವಳಿಗೆ ಸಿಕ್ಕಿತಲ್ಲ ಎಂಬ ಸಂಕಟಕ್ಕೆ, ಅಂಕಣದಲ್ಲಿ 'ಪರವಾಗಿಲ್ಲ' ಎಂದು ಒಂದೇ ಪದ ಬರೆದು ಕೈ ತೊಳೆದುಕೊಂಡೆ. ಕಿಂಡಿಯಕ್ಕನೂ ಒಂದು ಸುಳ್ಳು ಹೇಳಿದರೆ ನಾವಿಬ್ಬರೂ ಸಮ. ಅಷ್ಟರಲ್ಲಿ ಅವರು ಯಾವುದೋ ಮಾತಿಗೆ, ಮುಖ ನೋಡಿ ಮಣೆ ಹಾಕುವವರೇ ಜಾಸ್ತಿ ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ತಲೆ ತಗ್ಗಿಸಿ ಪುಸ್ತಕದಲ್ಲಿ ಏನೋ ಗೀಚಿದೆ.

ಹನ್ನೆರಡು. ಶೆಫ್ ಬಂದು ಬಗ್ಗಿದರು. "ಏನ್ ವಾಪಸ್ ಬಂತು?"

ಕಿಂಡಿಯಕ್ಕ ಅಂಚಿನಲ್ಲಿದ್ದ ಬಟ್ಟಲುಗಳನ್ನು ನೋಡಿದರು. ಎರಡನ್ನೂ ಎತ್ತಿ ಮೂರನೆಯ ಬಕೆಟ್ಟಿಗೆ ಸುರಿದರು.

"ಸೌತೆಕಾಯಿ ಸಲಾಡ್ ತೆಗೆದ್ಬಿಡಿ, ಯಾರೂ ಮುಟ್ತಿಲ್ಲ. ಪುಡಿಂಗ್ ಬಟ್ಟಲು ಎಂಬತ್ತೆಂಟು ಬಂತು. ಎರಡರಲ್ಲಿ ಉಳಿದಿತ್ತು, ಎರಡರಲ್ಲೂ ಚಿಕ್ಕ ಮಕ್ಕಳ ಚಮಚ ಇತ್ತು. ಮಿಕ್ಕಿದ್ದನ್ನ ನಾನು ಕೆರೆಯೋದೇ ಬೇಡ, ಹಾಗೆ ಬಳಿದಿದಾರೆ. ಮುಂದಿನ ವಾರ ಜಾಸ್ತಿ ಮಾಡಿಸಿ."

ಶೆಫ್ ತಲೆಯಾಡಿಸಿ ಹೋದರು. ಕಿಂಡಿಯಕ್ಕ ಮುಂದಿನ ಹತ್ತು ತಟ್ಟೆಗಳನ್ನು ಎಷ್ಟು ಜೋರಾಗಿ ಪೇರಿಸಿದರೆಂದರೆ ನನಗೆ ಒಡೆದೇಹೋಗುತ್ತವೆ ಅನ್ನಿಸಿತು. ಖುಷಿಯಾಯಿತೇ ಎಂದು ಕೇಳಿದೆ. ಒಂಚೂರೂ ಇಲ್ಲ, ಅದನ್ನೂ ಬರೆದುಕೊಳ್ಳಿ ಎಂದರು. ಮತ್ತೆ ಯಾಕೆ ಹೇಳಿದಿರಿ?

"ಹೊಟ್ಟೆಕಿಚ್ಚು ನಂದು ಸಾರ್. ತಟ್ಟೆ ನಂದಲ್ವಲ್ಲ."

ಒಂದೂವರೆಗೆ ಕಿಂಡಿಯಲ್ಲಿ ಬಿಳಿ ತೋಳಿನ ಕೈಯೊಂದು ಕಾಣಿಸಿತು. ಬಿಸಿ ಪುಡಿಂಗ್, ಮೇಲೊಂದು ಚಮಚ. "ಅಕ್ಕಾ, ನಿಮಗೇಂತ ಒಂದು ತೆಗೆದಿಟ್ಟಿದ್ದೆ," ಎಂದಿತು ಓರಗಿತ್ತಿಯ ದನಿ. ಬೇರೇನೂ ಹೇಳಲಿಲ್ಲ. ಕೈ ಹಿಂದಕ್ಕೆ ಹೋಯಿತು. ಕಿಂಡಿಯಕ್ಕ ಮೂಗು ಮುರಿದರು. ಕೈಗವಸು ಬಿಚ್ಚಿದರು, ಗೋಡೆಗೆ ಒರಗಿ ನಿಂತು, ನನ್ನ ಕಡೆ ಬೆನ್ನು ಮಾಡಿ ತಿಂದರು. ಬಹಳ ಹೊತ್ತು ತಿಂದರು. ಆಮೇಲೆ ತಿರುಗಿ, ಬಟ್ಟಲನ್ನು ಎಲ್ಲ ಬಟ್ಟಲುಗಳ ಹಾಗೆಯೇ ಅರೆಗಳಿಗೆ ಓರೆಯಾಗಿ ಹಿಡಿದು ನೋಡಿದರು.

"ಸಕ್ಕರೆ ಜಾಸ್ತಿ ಆಯ್ತು ಅಂತ ಹೇಳೋಣ ಅಂತಿದ್ದೆ ಸಾರ್," ಎಂದು ಅದನ್ನು ನನ್ನ ಮುಂದೆ ಹಿಡಿದರು. "ಹೇಳಕ್ಕಾಗಲ್ಲ. ಬಟ್ಟಲು ನೋಡಿ."