ಹದಿನಾಲ್ಕು ಚೆಂಡು, ಹನ್ನೊಂದು ಫೈನಲ್

ಬೆಳಗಿನ ಐದು ಗಂಟೆ. ಸಿಂದಗಿಯ ಮಹಿಳಾ ಕಾಲೇಜೊಂದರ ಎದುರಿನ ಪಂಕ್ಚರ್ ಅಂಗಡಿಯ ಮುಂದೆ ದಸ್ತಗೀರಸಾಬ ಬ್ಯಾಸ್ಕೆಟ್‌ಬಾಲ್ ಒಂದನ್ನು ತಲೆಯ ಮಟ್ಟಕ್ಕೆ ಎತ್ತಿ ಕೈ ಬಿಡುತ್ತಾರೆ. ಚೆಂಡು ಪುಟಿದು ಸೊಂಟದಿಂದ ಗೇಣು ಮೇಲೆ ಬರುತ್ತದೆ. ಅವರು ಅದನ್ನು ನೋಡುವುದಿಲ್ಲ, ಕಿವಿಗೊಟ್ಟು ಸಪ್ಪಳ ಕೇಳುತ್ತಾರೆ. "ಇದು ಪಾಸ್" ಎಂದು ಪಕ್ಕಕ್ಕೆ ಉರುಳಿಸುತ್ತಾರೆ. ಮುಂದಿನದು ಥಪ್ಪೆಂದು ಬಿದ್ದು ಮೊಣಕಾಲಿನ ತನಕ ಮಾತ್ರ ಏಳುತ್ತದೆ. "ಇದರದು ಅರ್ಧ ಹೊಟ್ಟಿ" ಎಂದು ನಗುತ್ತ, ಸೂಜಿಯನ್ನು ಸಾಬೂನು ನೀರಿನಲ್ಲಿ ಅದ್ದಿ ಪಂಪು ಹಚ್ಚುತ್ತಾರೆ. ಹೀಗೆ ಹದಿನಾಲ್ಕು ಚೆಂಡು. ಐದೂವರೆಗೆ ಹುಡುಗಿಯರು ಅಂಕಣಕ್ಕೆ ಇಳಿಯುವಷ್ಟರಲ್ಲಿ ಎಲ್ಲವೂ ಬಲೆಯ ಚೀಲ ಸೇರಿರಬೇಕು.

ಈ ಕಾಲೇಜಿನ ತಂಡ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಸತತ ಹನ್ನೊಂದು ವರ್ಷ ಫೈನಲ್ ಆಡಿದೆ, ಹತ್ತು ಸಲ ಕಪ್ ಗೆದ್ದಿದೆ. ಆಟಗಾರ್ತಿಯರ ಫೋಟೊಗಳು ಕಾಲೇಜಿನ ಗೋಡೆಯ ತುಂಬ ಇವೆ. ಐವತ್ತಾರರ ದಸ್ತಗೀರಸಾಬ ಯಾವ ಫೋಟೊದಲ್ಲೂ ಇಲ್ಲ. ಕರೆದರೆ, "ಕೈಗೆ ಸೊಲ್ಯೂಷನ್ ಹತ್ತೇತಿ, ನೀವು ನಿಲ್ರಿ" ಎಂದು ಅಂಟು ಮೆತ್ತಿದ ಕೈ ತೋರಿಸಿ ಜಾರಿಕೊಳ್ಳುತ್ತಾರೆ.

ಅವರು ಓದಿದ್ದು ಏಳನೆಯ ತರಗತಿ. ಮೋರಟಗಿಯಿಂದ ಬಂದು ಇಲ್ಲಿ ಅಂಗಡಿ ಇಟ್ಟು ಮೂವತ್ತು ವರ್ಷ. ಆರಂಭದಲ್ಲಿ ಈ ಆಟವೆಂದರೆ ತಲೆನೋವು. ಕಾಂಪೌಂಡ್ ಹಾರಿದ ಚೆಂಡು ಎರಡು ಸಲ ಇವರ ಸೊಲ್ಯೂಷನ್ ಡಬ್ಬಿ ಉರುಳಿಸಿತ್ತು. ಮೂರನೆಯ ಸಲ ಜಗಳ ಮಾಡಲೆಂದೇ ಚೆಂಡು ಹಿಡಿದು ಒಳಗೆ ಹೋದರು. ದೈಹಿಕ ಶಿಕ್ಷಕ ಗುರಲಿಂಗಪ್ಪ ಚೆಂಡನ್ನು ಒತ್ತಿ ನೋಡಿ, "ಸಾಬ್ರ, ಇದಕ್ಕೂ ಪಂಕ್ಚರ್ ತಗೀತೀರೇನು?" ಎಂದು ಕೇಳಿಬಿಟ್ಟರು. ಜಗಳ ಅಲ್ಲೇ ಮರೆತುಹೋಯಿತು. ಸೈಕಲ್ ಟ್ಯೂಬಿನ ವಿದ್ಯೆ ಚೆಂಡಿಗೆ ಹೊಂದಲಿಲ್ಲ. ಮೂರು ಹಳೆಯ ಚೆಂಡು ಕೊಯ್ದು ಹಾಳುಮಾಡಿ, ನಾಲ್ಕನೆಯದರಲ್ಲಿ ವಾಲ್ವ್ ಬದಲಿಸುವುದನ್ನು ಕಲಿತರು. ರಿಪೇರಿ ಮಾಡಿದ್ದು ಹೇಗೆ ಆಡುತ್ತದೋ ನೋಡೋಣವೆಂದು ಸಂಜೆ ಅಂಕಣದ ಬದಿಗೆ ನಿಂತವರು ಇಂದಿಗೂ ನಿಲ್ಲುತ್ತಾರೆ.

"ನಮ್ಮ ಮದುವಿ ತಾರೀಖು ಕೇಳ್ರಿ, ತಲಿ ಕೆರಕೋತಾರ. ಏಳು ವರ್ಷದ ಹಿಂದಿನ ಫೈನಲ್ ಸ್ಕೋರ್ ಕೇಳ್ರಿ, ಪಟ್ನ ಹೇಳ್ತಾರ" ಎಂದು ಪತ್ನಿ ಅಖ್ತರಬೇಗಂ ಚಹಾ ಕೊಡುತ್ತ ಹೇಳುತ್ತಾರೆ. ದಸ್ತಗೀರಸಾಬರು ಬಸಿಯಲ್ಲಿ ಚಹಾ ಸುರಿದುಕೊಂಡು, "ನಲವತ್ತೆಂಟು, ನಲವತ್ತೊಂದು" ಎಂದು ಮೆಲ್ಲಗೆ ಉತ್ತರಿಸುತ್ತಾರೆ.

ಎಲ್ಲ ವರ್ಷವೂ ಸಲೀಸಾಗಿರಲಿಲ್ಲ. ಹೋದ ವರ್ಷದ ಆರಂಭದಲ್ಲಿ ತಂಡದ ಐವರು ಮುಖ್ಯ ಆಟಗಾರ್ತಿಯರಲ್ಲಿ ನಾಲ್ವರು ಪದವಿ ಮುಗಿಸಿ ಹೊರಟರು. ಉಳಿದವಳು ನಾಯಕಿ ಬುಶ್ರಾ ಒಬ್ಬಳೇ. ಹೊಸದಾಗಿ ಬಂದ ಎಂಟು ಹುಡುಗಿಯರಲ್ಲಿ ಯಾರೂ ಅದುವರೆಗೆ ಬ್ಯಾಸ್ಕೆಟ್‌ಬಾಲ್ ಮುಟ್ಟಿರಲಿಲ್ಲ. ಬಸವನ ಬಾಗೇವಾಡಿಯಲ್ಲಿ ಆಡಿದ ಮೊದಲ ಸ್ನೇಹಪಂದ್ಯದಲ್ಲಿ ಐವತ್ತೊಂದಕ್ಕೆ ಹದಿನೆಂಟು, ಹೀನಾಯ ಸೋಲು. ಈ ತಂಡದ ಕಥೆ ಮುಗಿಯಿತೆಂದು ಊರಲ್ಲಿ ಮಾತಾಯಿತು. ಆ ಎಂಟು ಮಂದಿಯಲ್ಲಿ ಮೂವರು ಬರುವುದನ್ನೇ ಬಿಟ್ಟರು. ಯಂಕಂಚಿಯಿಂದ ಹಾಲಿನ ಟೆಂಪೊ ಹತ್ತಿ ಬರುತ್ತಿದ್ದ ಪ್ರಜ್ಞಾ ಕೂಡ ಒಂದು ಬೆಳಿಗ್ಗೆ ಅಂಗಡಿಯ ಮುಂದೆ ನಿಂತು, "ಕಾಕಾ, ನನ್ನ ಕೈಯಾಗ ಚೆಂಡ ನಿಲ್ಲಂಗಿಲ್ಲ. ನಾಳಿಂದ ನಾ ಬರಂಗಿಲ್ಲ" ಎಂದಳು.

ದಸ್ತಗೀರಸಾಬ ಅವಳ ಕೈಯಲ್ಲಿದ್ದ ಚೆಂಡು ಇಸಿದುಕೊಂಡು ನೋಡಿದರು. ಕಾಂಕ್ರೀಟಿಗೆ ಉಜ್ಜಿ ಉಜ್ಜಿ ಅದರ ಮೈ ಹೆಂಚಿನಷ್ಟು ನುಣ್ಣಗಾಗಿತ್ತು, ಒಂದು ಮಗ್ಗುಲು ಉಬ್ಬಿತ್ತು. ಚೀಲಕ್ಕೆ ಮೊದಲು ಕೈಹಾಕುವ ಹಳೆಯ ಹುಡುಗಿಯರು ಒಳ್ಳೆಯ ಚೆಂಡು ಆರಿಸಿಕೊಂಡರೆ ಹೊಸಬರಿಗೆ ಸವೆದದ್ದೇ ಉಳಿಯುತ್ತಿತ್ತು. ಪ್ರತಿದಿನ ಆ ಚೆಂಡುಗಳಿಗೆ ಗಾಳಿ ತುಂಬಿದ ತಮಗೇ ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು.

"ನಾಳಿ ಒಂದ್ ದಿನ ಬಂದು ನೋಡವ್ವಾ" ಎಂದು ಪ್ರಜ್ಞಾಳನ್ನು ಕಳಿಸಿ, ಅಂದೇ ಬುಶ್ರಾಳನ್ನು ಕರೆದು ಹೇಳಿದರು: "ನಿನಗ ಹ್ಯಾಂಗಿದ್ರೂ ಆಡಾಕ ಬರ್ತದವ್ವಾ. ಕೆಟ್ಟ ಚೆಂಡೂ ನಿನ್ನ ಮಾತ ಕೇಳ್ತದ. ಆ ಹುಡುಗಿಗೆ ಚೆಂಡಿನ ತಪ್ಪು ಯಾವುದು, ತನ್ನ ತಪ್ಪು ಯಾವುದು, ತಿಳಿಯಂಗಿಲ್ಲ."

 ಮರುದಿನ ಬುಶ್ರಾ ಎಲ್ಲಕ್ಕಿಂತ ಒಳ್ಳೆಯ ಚೆಂಡನ್ನು ಪ್ರಜ್ಞಾಳ ಕೈಗಿಟ್ಟು, ನುಣ್ಣನೆಯದನ್ನು ತಾನು ತೆಗೆದುಕೊಂಡಳು. ಅಲ್ಲಿಂದ ಹೊಸಬರಿಗೆ ಹೊಸ ಚೆಂಡು ಎಂಬುದೇ ತಂಡದ ನಿಯಮವಾಯಿತು. ಬಿಟ್ಟುಹೋದ ಮೂವರಲ್ಲಿ ಇಬ್ಬರು ವಾರದೊಳಗೆ ಮರಳಿದರು.

ಆ ವರ್ಷವೂ ತಂಡ ಫೈನಲ್ ತಲುಪಿತು. ಇಂಡಿಯಲ್ಲಿ ನಡೆದ ಪಂದ್ಯಕ್ಕೆ ದಸ್ತಗೀರಸಾಬ ಅಂಗಡಿ ಮುಚ್ಚಿ ಹೋದರು. ಕೊನೆಯ ಕ್ಷಣದಲ್ಲಿ ಪ್ರಜ್ಞಾ ಎಸೆದ ಚೆಂಡು ರಿಂಗಿಗೆ ಬಡಿದು ಹೊರಗೆ ಬಿತ್ತು. ಮುದ್ದೇಬಿಹಾಳದ ತಂಡ ಮೂರು ಅಂಕದಿಂದ ಗೆದ್ದಿತು. ಒಂಬತ್ತು ವರ್ಷ ಕೈಯಲ್ಲಿದ್ದ ಕಪ್ ಹೋಯಿತು. ಹುಡುಗಿಯರು ಬಸ್ಸಿನಲ್ಲಿ ಅಳುತ್ತಿದ್ದಾಗ ಇವರು ಚೆಂಡಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಯಾರೊಬ್ಬರ ಹೆಸರನ್ನೂ ಹಿಡಿಯದೆ ಎಲ್ಲರನ್ನೂ ಕೇಳುವಂತೆ, "ನಾಳಿ ಎಷ್ಟಕ್ಕ ಬರ್ತೀರಿ? ಗಾಳಿ ತುಂಬಿ ಇಡಬೇಕಲ್ಲ" ಎಂದರು.  ಪ್ರಜ್ಞಾ ಮೂಗೊರೆಸಿಕೊಂಡು, "ಐದೂವರಿಗೆ, ಕಾಕಾ" ಎಂದಳು.

ಈ ವರ್ಷ ಅದೇ ಹುಡುಗಿಯರು ಹದಿನಾರು ಅಂಕದ ಅಂತರದಿಂದ ಕಪ್ ಮರಳಿ ತಂದಿದ್ದಾರೆ. ಇಷ್ಟು ವರ್ಷ ಗೆಲ್ಲುತ್ತ ಹೋಗುವುದರ ಗುಟ್ಟೇನು ಎಂದು ಕೇಳಿದರೆ ದಸ್ತಗೀರಸಾಬ ಚಕ್ರ ಬಿಚ್ಚುವ ಕೈ ನಿಲ್ಲಿಸದೆ ಹೇಳುತ್ತಾರೆ: "ಒಂದ್ ವರ್ಷ ಗೆಲ್ಲಾಕ ಒಬ್ಬಾಕಿ ಚಲೋ ಆಟಗಾರ್ತಿ ಸಾಕ್ರಿ. ಹತ್ತು ವರ್ಷ ಗೆಲ್ಲಬೇಕಂದ್ರ, ಇವತ್ತ ಚೆಂಡ ಹಿಡಿಯಾಕ ಬರದಾಕಿನ್ನ ಯಾರ್ ನೋಡ್ಕೋತಾರ, ಅದನ್ನ ಕೇಳ್ಬೇಕ್ರಿ. ಕಪ್ಪು ಒಮ್ಮೆ ಹೋಗಿತ್ತು, ಖರೆ. ಹುಡುಗ್ಯಾರು ಹೋಗಿದ್ದಿಲ್ಲಲ್ಲ."

ಪ್ರಜ್ಞಾ ಈಗ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿದ್ದಾಳೆ. ಮುಂದಿನ ತಿಂಗಳು ಚೆನ್ನೈಯಲ್ಲಿ ಆಟ. ದಸ್ತಗೀರಸಾಬರಿಗೂ ಹೋಗುವ ಆಸೆಯಿದೆ. ಮಗನಿಂದ ರೈಲಿನ ಸಮಯ ಕೇಳಿ ಇಟ್ಟುಕೊಂಡಿದ್ದಾರೆ.

"ಅಲ್ಲಿ ಗಾಳಿ ನೋಡಾಕ ಬ್ಯಾರೆ ಮಂದಿ ಇರ್ತಾರಂತ್ರಿ" ಎನ್ನುತ್ತ ಕೈಯ ಮಸಿ ಒರೆಸಿಕೊಳ್ಳುತ್ತಾರೆ. "ಕುರ್ಚಿ ಮ್ಯಾಲ ಕಾಲಿಗೆ ಕಾಲು ಹಾಕ್ಕೊಂಡು ಕುಂತು, ನಮ್ಮ ಹುಡುಗಿ ಆಟ ಒಮ್ಮೆ ಸುಮ್ನ ನೋಡಿ ಬರ್ತೇನಿ."