ಗರಡಿಯ ಮಣ್ಣಿಗೆ ನಾನು ಇಳಿದ ದಿನ

ನಮ್ಮ ಯಜಮಾನರು ಮದುವೆಗೆ ಮುಂಚೆ ಹರಿಹರದ ಒಂದು ಗರಡಿಯಲ್ಲಿ ಕುಸ್ತಿ ಆಡುತ್ತಿದ್ದರು. ನಾನು ಬರುವ ಹೊತ್ತಿಗೆ ಅವರು ದಾವಣಗೆರೆಯ ಬಟ್ಟೆ ಅಂಗಡಿಯಲ್ಲಿ ಗಾದಿಯ ಮೇಲೆ ಕೂತಾಗಿತ್ತು. ಕುಸ್ತಿಯ ಗುರುತಾಗಿ ಉಳಿದಿದ್ದು ಮುದುಡಿದ ಎಡಗಿವಿ ಒಂದೇ.

ಹೋದ ವರ್ಷ ಆ ಗರಡಿಯ ಹಳೆಯ ಗೆಳೆಯರು ಒಂದು ಭಾನುವಾರ ಕೂಟ ಇಟ್ಟುಕೊಂಡರು. ನಲವತ್ತೈದು ದಾಟಿದವರಿಗೆ ಮಾತ್ರ ಕುಸ್ತಿ. ಮೂರೇ ನಿಮಿಷ. ಗೆದ್ದವರು ಸೋತವರು ಅಂತಿಲ್ಲ, ಸೀಟಿ ಊದಿದ ಮೇಲೆ ಇಬ್ಬರ ಕೈಯನ್ನೂ ಎತ್ತುವುದು. ಆಮೇಲೆ ಮನೆಯವರೆಲ್ಲ ಸೇರಿ ಊಟ.

"ಐವತ್ತೆರಡಕ್ಕೆ ಎಂಥಾ ಕುಸ್ತಿ ರೀ? ಮೆಟ್ಲು ಹತ್ತುವಾಗ ಮೊಣಕಾಲು ಹಿಡ್ಕಂತೀರಿ" ಅಂದೆ.

"ಅಖಾಡದಾಗೆ ಮೆಟ್ಲು ಇರಂಗಿಲ್ಲ ಬಿಡು" ಅಂದರು.

ನನಗೆ ಮೊಣಕಾಲಿಗಿಂತ ಹೆಚ್ಚಿನ ಚಿಂತೆ ಅವರ ಕೊರಳಿನ ಲಿಂಗದ್ದು. ನಮ್ಮತ್ತೆ ಇವರಿಗೆ ತೊಟ್ಟಿಲಲ್ಲಿದ್ದಾಗಲೇ ಗುರುಗಳಿಂದ ಕಟ್ಟಿಸಿದ ಲಿಂಗ ಅದು. ಅದರ ಪೂಜೆ ಆಗದೆ ಅವರು ಒಂದು ತೊಟ್ಟು ನೀರನ್ನೂ ಬಾಯಿಗೆ ಹಾಕಿದವರಲ್ಲ. ಬೆಳ್ಳಿಯ ಕರಡಿಗೆಯಲ್ಲಿಟ್ಟು ಎದೆಯ ಮೇಲೆ ಬಿಟ್ಟುಕೊಂಡು ಕುಸ್ತಿಗೆ ಇಳಿದರೆ ಇಬ್ಬರ ಪಕ್ಕೆಗೂ ಚುಚ್ಚುತ್ತದೆ. ಮೈಯಿಂದ ಬೇರೆ ಮಾಡುವಂತೆಯೂ ಇಲ್ಲ. ಆ ಗರಡಿಯಲ್ಲಿ ಲಿಂಗ ಕಟ್ಟಿದವರು ಅದನ್ನು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿಕೊಳ್ಳುತ್ತಿದ್ದರಂತೆ. ಅವತ್ತು ಪೂಜೆ ಮುಗಿದ ಮೇಲೆ ನಾನೇ ಕಟ್ಟಿದೆ. ಬಿಗಿಯಾಗಿಯೇ ಕಟ್ಟಿದ್ದೆ. ತೋಳಿನ ಮಾಂಸ ಬಟ್ಟೆಯ ಎರಡೂ ಕಡೆ ಉಬ್ಬಿದ್ದು ನೋಡಿ ಪಾಪ ಅನಿಸಿ, ಒಂದು ಗಂಟು ಸಡಿಲಿಸಿದೆ. ಕರಡಿಗೆಯನ್ನು ನನ್ನ ಚೀಲದಲ್ಲಿ ಇಟ್ಟುಕೊಂಡೆ.

ಹರಿಹರದ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಮೋಡ ಮುಚ್ಚಿ ಬಿಸಿಲೂ ಇರಲಿಲ್ಲ. ದೇವರು ದೊಡ್ಡವನು ಅಂದುಕೊಂಡೆ.

ಗರಡಿಯೊಳಗೆ ಹೆಂಗಸರು ಕಾಲಿಡುವ ಪದ್ಧತಿ ಇಲ್ಲ. ನಮಗೆ ಹೊಸಿಲಿನಾಚೆ ಕುರ್ಚಿ ಹಾಕಿದ್ದರು, ಅಲ್ಲಿಂದಲೇ ಅಖಾಡ ಚೆನ್ನಾಗಿ ಕಾಣುತ್ತಿತ್ತು. ಕೆಮ್ಮಣ್ಣಿಗೆ ಮಜ್ಜಿಗೆ, ಅರಿಶಿನ, ಎಣ್ಣೆ ಬೆರೆಸಿದ್ದರಿಂದ ಒಗ್ಗರಣೆಗೆ ಮುಂಚಿನ ಅಡುಗೆಮನೆಯಂಥ ವಾಸನೆ. ಇವರಿಗೆಲ್ಲ ಕಲಿಸಿದ ವಸ್ತಾದರು, ಎಂಬತ್ತು ದಾಟಿದವರು, ಕಟ್ಟೆಯ ಮೇಲೆ ಸೀಟಿ ಹಿಡಿದು ಕೂತಿದ್ದರು.

ಯಜಮಾನರಿಗೆ ಜೋಡಿಯಾಗಿ ಬಂದವರು ಬಾಲ್ಯದ ಗೆಳೆಯರು, ಗರಡಿಯ ಓಣಿಯಲ್ಲೇ ಸೈಕಲ್ ಅಂಗಡಿ ಇಟ್ಟ ಮುಸಲ್ಮಾನರು.

"ಏನ್ಲೇ ಸಾವ್ಕಾರ, ಹೊಟ್ಟಿ ಆಗ್ಲೇ ಬಂತು. ನೀನ್ಯಾವಾಗ ಬರ್ತಿ?"

"ನಿನ್ನ ತಲಿಮ್ಯಾಲಿನ ಕೂದ್ಲು ಎಲ್ಲಿ ಬಿಟ್ಟು ಬಂದಿ? ಮೊದ್ಲು ಅದನ್ನ ಹೇಳು."

ಒಬ್ಬರ ಮೈಗೆ ಒಬ್ಬರು ಮಣ್ಣು ಎರಚಿ, ಕೈ ಕೊಟ್ಟು ಹಿಡಿದುಕೊಂಡರು. ಉರುಳಿದರು, ಎದ್ದರು, ಮತ್ತೆ ಉರುಳಿದರು. ಉಸಿರಿಗಿಂತ ನಗುವೇ ಹೆಚ್ಚು. ಸೀಟಿ ಆಯಿತು. ಮೊಣಕಾಲು ನೆಟ್ಟಗೇ ಇತ್ತು. ವಸ್ತಾದರು ಇಬ್ಬರ ಕೈ ಎತ್ತಿಸಿದರು. ಎತ್ತಿದ ತೋಳಿನ ಮೇಲೆ ಬಟ್ಟೆ ಇರಲಿಲ್ಲ. ಮಣ್ಣು ಮೆತ್ತಿದ ಮೈಯಲ್ಲಿ ಅದು ಇದ್ದಷ್ಟು ಜಾಗ ಮಾತ್ರ ಬೆಳ್ಳಗಿತ್ತು.

"ರೀ, ತೋಳು!" ಅಂತ ಕೂಗಿದೆ.

ಅವರು ತೋಳು ಮುಟ್ಟಿ ನೋಡಿಕೊಂಡರು. ಆಮೇಲೆ ಕಾಲಡಿಯ ಮಣ್ಣು ನೋಡಿದರು.

"ಯಾರೂ ಕಾಲು ಎತ್ತಬ್ಯಾಡ್ರಿ!" ವಸ್ತಾದರು ಗುಡುಗಿದರು. "ನಿಂತಲ್ಲೇ ಕೂತ್ಕಂಡು ನಿಧಾನಕ್ಕೆ ಹುಡುಕ್ರಿ."

ಹತ್ತು ಹನ್ನೆರಡು ಜನ ಹೊಟ್ಟೆ ಬಂದ ಗಂಡಸರು ಲಂಗೋಟಿಯಲ್ಲಿ ಮಂಡಿಯೂರಿ, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಮಣ್ಣು ಆರಿಸತೊಡಗಿದರು. ಪಕ್ಕದ ಹೆಣ್ಣುಮಗಳು ನನ್ನ ಕೈ ಹಿಡಿದು, "ಸಿಗ್ತೈತೆ ಬಿಡ್ರಿ, ಮಣ್ಣು ಎಲ್ಲಿಗೆ ಹೋಗ್ತೈತೆ?" ಅಂದರು. ಸಿಗದಿದ್ದರೆ ಗುರುಗಳು ಹೊಸದು ಕಟ್ಟಿಯಾರು, ಅದು ನನಗೂ ಗೊತ್ತು. ಆದರೆ ಅತ್ತೆ ಕಟ್ಟಿಸಿದ್ದು? ಅದನ್ನು ಕಳೆದಿದ್ದು ನನ್ನ ಗಂಟು. ಪಂಚಾಕ್ಷರಿ ಹೇಳಿಕೊಳ್ಳಲು ಹೋದರೆ ನಡುವೆ ತಪ್ಪುತ್ತಿತ್ತು.

"ಅಕ್ಕಾರೆ! ಇಲ್ಲೈತೆ!"

ಸೈಕಲ್ ಅಂಗಡಿಯವರು ಎರಡೂ ಅಂಗೈಯನ್ನು ಮಣ್ಣಿನ ಮೇಲೆ ಬದುವಿನಂತೆ ಅಡ್ಡ ಇಟ್ಟು ಕೂತಿದ್ದರು. "ನಾ ಮುಟ್ಟಿಲ್ಲ ಅಕ್ಕಾರೆ. ನಿಮ್ಮೋರು ತಗಳ್ರಿ."

ಯಜಮಾನರು ಕೈ ಚಾಚಿ ಹಿಂದಕ್ಕೆ ಎಳೆದುಕೊಂಡರು. "ಕೈಯೆಲ್ಲ ಎಣ್ಣಿ, ಮತ್ತೆ ಜಾರೀತು. ನೀನೇ ಬಾ" ಅಂದರು.

ನಾನು ಹೊಸಿಲಲ್ಲೇ ನಿಂತು ವಸ್ತಾದರ ಮುಖ ನೋಡಿದೆ.

"ಏನ್ ನೋಡ್ತೀಯವ್ವಾ? ಚಪ್ಲಿ ಬಿಟ್ಟು ಬಾ. ನೀನೂ ಲಿಂಗ ಕಟ್ಟಿದಾಕಿ. ಬ್ಯಾಡ ಅನ್ನಾಕೆ ನಾನ್ಯಾರು?"

ಮಣ್ಣು ತಣ್ಣಗಿತ್ತು, ಪಾದ ಮುಳುಗುವಷ್ಟು ಮೆತ್ತಗಿತ್ತು. ಆ ಮೆತ್ತಗಿನ ಮಣ್ಣೇ ಕಾಪಾಡಿತ್ತು. ಬಟ್ಟೆ ಅರ್ಧ ಬಿಚ್ಚಿದ್ದರೂ ಒಳಗೆ ಒಂದು ಗೀರೂ ಬಿದ್ದಿರಲಿಲ್ಲ. ಸೆರಗಿನಲ್ಲಿ ಎತ್ತಿಕೊಂಡೆ. ಕೊಡದ ನೀರಿನಲ್ಲಿ ತೊಳೆದು, ವಿಭೂತಿ ಹಚ್ಚಿ, ಕರಡಿಗೆಗೆ ಸೇರಿಸಿ ಅವರ ಕೊರಳಿಗೇ ಕಟ್ಟಿದೆ. ಮೂರು ಗಂಟು ಹಾಕಿದೆ.

ಅವರು ಕಣ್ಣಿಗೆ ಒತ್ತಿಕೊಂಡು ಆಮೇಲೆ ನೀರು ಕುಡಿದರು. ಅವರ ಗಂಟಲಿನಲ್ಲಿ ನೀರು ಇಳಿಯುವುದನ್ನೇ ನೋಡುತ್ತಾ ನಿಂತೆ.

"ಸಾವ್ಕಾರ, ಇನ್ನೊಂದು ಪಟ್ಟು?" ಗೆಳೆಯರು ಕೇಳಿದರು.

"ಎಲಿ ಮುಂದೆ ಆಡ್ರಿ ಇಬ್ರೂ" ಅಂದೆ. ಹಾಗೇ ಆಡಿದರು. ಹುಗ್ಗಿಯ ಪಾತ್ರೆ ತಳ ಕಂಡಿತು.

ವಾಪಸು ಬರುವಾಗ ಬಸ್ಸಿನಲ್ಲಿ ತಡೆಯಲಾಗದೆ ಹೇಳಿಬಿಟ್ಟೆ: "ಗಂಟು ಸಡ್ಲ ಮಾಡಿದ್ದು ನಾನೇ ರೀ."

"ಗೊತ್ತೈತೆ."

"ಗೊತ್ತಿತ್ತಾ? ಯಾವಾಗಿಂದ?"

"ಮನಿ ಬಿಡುವಾಗ್ಲೇ. ಹೇಳಿದ್ರೆ, ಸುಮ್ನೆ ಮನ್ಯಾಗಿರ್ರಿ ಅಂತಿದ್ದಿ."

ಸಿಟ್ಟು ಬಂತು. ಊರು ಬರುವ ತನಕ ಮಾತಾಡಬಾರದು ಅಂದುಕೊಂಡೆ. ಅಷ್ಟರಲ್ಲಿ ಅವರು ಎದೆಯ ಮೇಲೆ ಕೈ ಇಟ್ಟುಕೊಂಡು ನಿದ್ದೆ ಹೋದರು. ಬಸ್ಸು ಕುಲುಕಿದಾಗ ಅವರ ಕೈ ಜಾರಿತು. ನಾನೇ ಕೈ ಚಾಚಿ ಗಂಟು ಮುಟ್ಟಿ ನೋಡಿದೆ. ಮೂರೂ ಇದ್ದವು.